ಮೂವತ್ತೆಂಟೂವರೆ ಮಾತ್ರೆ

ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಹೊತ್ತೆಲ್ಲ ಎಲ್ಲಿ ಹೋಗುತ್ತದೆ? ಹುಡುಕುವುದು, ಎಣಿಸುವುದು, ಲೇಬಲ್ ಅಂಟಿಸುವುದು, ಸ್ಟಾಕ್ ನೋಡುವುದು. ಇವನ್ನು ಯಂತ್ರಕ್ಕೆ ಧೈರ್ಯವಾಗಿ ಬಿಡಬಹುದು.

ಔಷಧಿ ಡಬ್ಬಿಗಳನ್ನು ತಾನೇ ಇಟ್ಟು, ತಾನೇ ತೆಗೆದುಕೊಡುವ ರೋಬಾಟ್ ಕಪಾಟನ್ನೇ ನೋಡಿ. ಅಲ್ಲಿ ಅಕ್ಷರಗಳ ಕ್ರಮವಿಲ್ಲ. ಜ್ವರದ ಮಾತ್ರೆಯ ಪಕ್ಕದಲ್ಲೇ ಕಣ್ಣಿನ ಡ್ರಾಪ್ಸ್ ಇರಬಹುದು. ಡಬ್ಬಿ ಎಷ್ಟು ದೊಡ್ಡದು, ಜಾಗ ಎಲ್ಲಿ ಖಾಲಿ ಇದೆ, ಅಷ್ಟೇ ಅದರ ಲೆಕ್ಕ. ಬಾರ್‌ಕೋಡ್ ಓದಿ ಇಡುತ್ತದೆ, ಎಕ್ಸ್‌ಪೈರಿ ಹತ್ತಿರವಿರುವುದನ್ನು ಮೊದಲು ಹೊರಗೆ ಕಳಿಸುತ್ತದೆ. ಹೈಡ್ರಾಲಜೀನ್ ಬಿಪಿಗೆ, ಹೈಡ್ರಾಕ್ಸಿಜೀನ್ ತುರಿಕೆಗೆ. ದಣಿದ ಕಣ್ಣು ಇಂಥ ಹೆಸರುಗಳಲ್ಲಿ ಎಡವುತ್ತದೆ, ಬಾರ್‌ಕೋಡ್ ಎಡವುವುದಿಲ್ಲ.

ಆದರೆ ಆರ್ಡರೇ ತಪ್ಪಿದ್ದರೆ? 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 16 ವರ್ಷದ ಹುಡುಗನಿಗೆ ಒಂದೇ ಒಂದು ಆಂಟಿಬಯಾಟಿಕ್ ಮಾತ್ರೆ ಕೊಡಬೇಕಿತ್ತು. ವೈದ್ಯರು ಒಂದು ಮಾತ್ರೆಯ ಲೆಕ್ಕದಲ್ಲಿ 160 ಎಂದು ಟೈಪ್ ಮಾಡಿದರು. ಪರದೆಯಲ್ಲಿದ್ದ ಅಳತೆ ಬರೀ ಮಿಲಿಗ್ರಾಂ ಅಲ್ಲ, ದೇಹದ ಪ್ರತಿ ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ. ಹುಡುಗನ ತೂಕದಿಂದ ಗುಣಿಸಿದಾಗ ಬಂದದ್ದು 38½ ಮಾತ್ರೆ! ಎಚ್ಚರಿಕೆ ಬಂತು. ವೈದ್ಯರು ಅದನ್ನು ದಾಟಿ ಹೋದರು, ಫಾರ್ಮಸಿಸ್ಟ್ ಕೂಡ. ರೋಬಾಟ್ ಲೆಕ್ಕ ತಪ್ಪದೆ ಪ್ಯಾಕ್ ಮಾಡಿತು. ನರ್ಸ್ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಅದೂ ಸರಿ ಎಂದಿತು. ಮಾತ್ರೆ ನುಂಗಿದ ಹುಡುಗನಿಗೆ ಫಿಟ್ಸ್ ಬಂತು. ಪುಣ್ಯಕ್ಕೆ ಬದುಕಿಕೊಂಡ.

ಅವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಇಂಥ ಎಚ್ಚರಿಕೆಗಳು ದಿನವಿಡೀ ಬರುತ್ತವೆ. ಅಲ್ಲಿ ಡೋಸ್ ಸ್ವಲ್ಪ ಜಾಸ್ತಿಯಾದರೂ, 39 ಪಟ್ಟಾದರೂ ಎಚ್ಚರಿಕೆ ಹೆಚ್ಚುಕಡಿಮೆ ಒಂದೇ ಥರ ಇತ್ತು. 2006ರ ಒಂದು ವಿಮರ್ಶೆಯ ಪ್ರಕಾರ ವೈದ್ಯರು ಇಂಥ ಎಚ್ಚರಿಕೆಗಳಲ್ಲಿ 49ರಿಂದ 96 ಶೇಕಡಾದಷ್ಟನ್ನು ಬದಿಗೆ ತಳ್ಳುತ್ತಿದ್ದರು.

ಕೃತಕ ಬುದ್ಧಿಮತ್ತೆಯಿಂದ ನನಗೆ ಜಾಸ್ತಿ ನಿರೀಕ್ಷೆ ಇರುವುದು ಇಲ್ಲೇ. ಎಚ್ಚರಿಕೆ ಹೆಚ್ಚಿಸಲಿಕ್ಕಲ್ಲ, ಕಡಿಮೆ ಮಾಡಲಿಕ್ಕೆ. ಹಳೆಯ ಲಕ್ಷಾಂತರ ಔಷಧಿ ಚೀಟಿಗಳಿಂದ ಕಲಿತ ಪ್ರೋಗ್ರಾಂ, ಈ ಮಾತ್ರೆಯನ್ನು ಯಾರೂ ಒಂದೇ ಸಲಕ್ಕೆ 38 ಬರೆದದ್ದಿಲ್ಲ ಎಂದು ಗುರುತಿಸಬಲ್ಲದು. ಸಣ್ಣಪುಟ್ಟದಕ್ಕೆ ಸುಮ್ಮನಿದ್ದು, ಇಂಥ ಕಡೆ ಕೆಲಸವನ್ನೇ ನಿಲ್ಲಿಸಬಹುದು. ಹಾಗಂತ ಎಲ್ಲವನ್ನೂ ಅದಕ್ಕೇ ಬಿಡುವಂತಿಲ್ಲ, ಅಲ್ವಾ? ಮೆಥೊಟ್ರೆಕ್ಸೇಟ್ ಎಂಬ ಔಷಧಿ ಸಂಧಿವಾತಕ್ಕೆ ವಾರಕ್ಕೊಮ್ಮೆ, ಸಣ್ಣ ಪ್ರಮಾಣದಲ್ಲಿ. ಕೆಲವು ಕ್ಯಾನ್ಸರ್‌ಗಳಿಗೆ ಪ್ರಮಾಣ ಅದರ ಎಷ್ಟೋ ಪಟ್ಟು. ಯಾವ ಕಾಯಿಲೆಗೆ ಎಂದು ಗೊತ್ತಿಲ್ಲದ ಪ್ರೋಗ್ರಾಂ ಎಡವಿಬಿಡುತ್ತದೆ.

ಯಂತ್ರ ಉಳಿಸಿಕೊಟ್ಟ ನಿಮಿಷಗಳಲ್ಲಿ ಇನ್ನಷ್ಟು ಚೀಟಿ ತುರುಕಬಾರದು. ಸಂಧಿವಾತಕ್ಕೆ ಅದೇ ಮೆಥೊಟ್ರೆಕ್ಸೇಟ್ ಒಯ್ಯುವವರನ್ನು ನಿಲ್ಲಿಸಿ, ದಿನಾ ಅಲ್ಲ, ವಾರಕ್ಕೆ ಒಂದೇ ದಿನ ಎಂದು ಹೇಳಿ, ಯಾವ ದಿನ ತೆಗೆದುಕೊಳ್ಳುತ್ತೀರಿ ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಲು ಫಾರ್ಮಸಿಸ್ಟ್‌ಗೆ ಬಿಡುವು ಬೇಕು.