ಪದ ಪರಿಚಯ: ಆಯೋಗ

ಕಳೆದ ವಾರ ಟಿವಿ ಪರದೆಯ ಕೆಳಗೆ ಒಂದು ಸಾಲು ಓಡುತ್ತಿತ್ತು: "ಆಯೋಗ ತೀರ್ಪು ನೀಡಿದೆ". ಅದಕ್ಕೂ ಮುಂಚೆ ಒಂದು ಪತ್ರಿಕೆಯಲ್ಲಿ "ಆಯೋಗದ ಆದೇಶ ಜಾರಿಯಾಗಿಲ್ಲ" ಅಂತ ಓದಿದ್ದೆ. ಎರಡು ಕಡೆಯೂ ಮಾತು ಸರ್ಕಾರಕ್ಕೆ ವರದಿ ಕೊಟ್ಟ ಆಯೋಗದ್ದು. ವರದಿ ಕೊಟ್ಟವರು ತೀರ್ಪನ್ನೂ ಕೊಟ್ಟಿಲ್ಲ, ಆದೇಶವನ್ನೂ ಮಾಡಿಲ್ಲ. ಎಷ್ಟು ಸಲ ನೋಡಿ ಸುಮ್ನೆ ಇರೋದು?

ಪದದ ಬೇರಿನಿಂದ ಶುರು ಮಾಡ್ತೇನೆ, ಏಕೆಂದರೆ ಗೊಂದಲಕ್ಕೆ ಉತ್ತರ ಅಲ್ಲೇ ಇದೆ. ಸಂಸ್ಕೃತದ 'ಯುಜ್' ಧಾತುವಿಗೆ ಹೂಡು, ಸೇರಿಸು, ತೊಡಗಿಸು ಅಂತೆಲ್ಲ ಅರ್ಥ. ಎತ್ತನ್ನು ನೊಗಕ್ಕೆ ಹೂಡುತ್ತೇವಲ್ಲ, ಅದೇ ಹೂಡುವಿಕೆ. ಯೋಗ, ಉದ್ಯೋಗ, ಪ್ರಯೋಗ, ವಿಯೋಗ, ನಿಯೋಗ ಎಲ್ಲವೂ ಇದೇ ಬೇರಿನವು. ಹಳೆಯ ಸಂಸ್ಕೃತದಲ್ಲಿ ಆಯೋಗ ಅಂದರೆ ಹೂಡಿದ ಎತ್ತಿನ ಜೋಡಿ ಅನ್ನುವ ಅರ್ಥವೂ ಇತ್ತು, ಒಂದು ಕೆಲಸಕ್ಕೆ ನೇಮಿಸುವುದು ಅನ್ನುವ ಅರ್ಥವೂ ಇತ್ತು. ಇಂಗ್ಲಿಷಿನ ಕಮಿಷನ್‌ಗೆ ಈ ಪದವನ್ನು ಆರಿಸಿದ್ದು ಬಹಳ ಸರಿಯಾಗಿದೆ. ಕಮಿಷನ್ ಬಂದಿದ್ದು ಲ್ಯಾಟಿನ್ನಿನ 'ಕಮಿಟ್ಟೆರೆ'ಯಿಂದ. ಅದಕ್ಕೆ ಒಪ್ಪಿಸು, ವಹಿಸು ಅಂತ ಅರ್ಥ. ದಲ್ಲಾಳಿ ತಗೊಳ್ಳುವ ಕಮಿಷನ್ ಕೂಡ ಅಲ್ಲಿಂದಲೇ ಬಂದದ್ದು, ವಹಿಸಿದ ಕೆಲಸಕ್ಕೆ ಸಿಗುವ ಪಾಲು. ಕನ್ನಡದಲ್ಲಿ ಆ ಅರ್ಥಕ್ಕೆ ಕಮಿಷನ್ ಅಂತಲೇ ಉಳಿಸಿಕೊಂಡು, ಸರ್ಕಾರ ನೇಮಿಸುವುದಕ್ಕೆ ಆಯೋಗ ಅಂದೆವು. ಒಳ್ಳೆಯದೇ ಆಯಿತು.

ಸಮಿತಿಯ ಹುಟ್ಟು ಬೇರೆ. 'ಸಮ್' ಅಂದರೆ ಜತೆಗೆ, 'ಇ' ಅಂದರೆ ಹೋಗು. ಜತೆಗೂಡಿ ಬಂದವರ ಕೂಟ ಸಮಿತಿ. ವೇದಗಳಲ್ಲೇ ಸಭೆಯ ಪಕ್ಕದಲ್ಲಿ ಈ ಪದ ಬರುತ್ತದೆ. ಅಂದರೆ ಸಮಿತಿಯಲ್ಲಿ ಜನ ಸೇರುತ್ತಾರೆ, ಆಯೋಗಕ್ಕೆ ಜನರನ್ನು ಹೂಡುತ್ತಾರೆ. ಬಳಕೆಯಲ್ಲಿ ಈ ಗೆರೆ ಮಾಸಿದೆ. ಹಿಂದುಳಿದ 114 ತಾಲ್ಲೂಕುಗಳನ್ನು ಗುರುತಿಸಿ 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿಯನ್ನು ಆಯೋಗ ಅಂತ ಕರೆಯುವವರಿದ್ದಾರೆ. ಅದಕ್ಕೆ ನನ್ನ ತಕರಾರು ಅಷ್ಟಿಲ್ಲ. ಮಾಡಿದ ಕೆಲಸ ಒಂದೇ ತರಹದ್ದು.

ಆದರೆ ಹೂಡುವುದು ಅನ್ನುವ ಅರ್ಥವನ್ನು ಮರೆಯಬಾರದು. ಎತ್ತು ಹೂಡಿದವರೇ ಯಾವ ಹೊಲ ಉಳಬೇಕು ಅಂತಲೂ ಹೇಳುತ್ತಾರೆ. ಆಯೋಗವನ್ನು ರಚಿಸುವ ಆದೇಶದಲ್ಲೇ ಯಾವ ವಿಷಯ ನೋಡಬೇಕು, ಎಷ್ಟು ತಿಂಗಳಲ್ಲಿ ಮುಗಿಸಬೇಕು ಅಂತ ಬರೆದಿರುತ್ತದೆ. ಕಚೇರಿಗಳಲ್ಲಿ ಇದಕ್ಕೆ 'ಟರ್ಮ್ಸ್ ಆಫ್ ರೆಫರೆನ್ಸ್' ಅಂತಾರೆ. ನೀತಿಯ ಅರ್ಧ ಅಚ್ಚು ಇಲ್ಲೇ ಬಿದ್ದಿರುತ್ತದೆ. ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಅಂತ ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದನ್ನು ನೋಡಿ. 2011ರ ಜನಸಂಖ್ಯೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು ಅಂತ ಕೇಂದ್ರ ಮೊದಲೇ ಹೇಳಿತ್ತು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ಅದು ಹೊಡೆತ. ತಲಾ ಆದಾಯದ ಲೆಕ್ಕವೂ ಸೇರಿ, ಹಂಚಿಕೆಯ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ವರದಿ ಬಂದ ದಿನ ಗಲಾಟೆ ಮಾಡಿದೆವು. ಗಲಾಟೆ ಆಗಬೇಕಿದ್ದದ್ದು ಆಯೋಗ ರಚನೆಯಾದ ದಿನ, ಅಲ್ವಾ?

ಈಗ ಕ್ರಿಯಾಪದದ ವಿಷಯ. ಆಯೋಗ ಮಾಡುವುದು ಶಿಫಾರಸು. ಪಾರಸಿಯ 'ಸಿಫಾರಿಶ್' ಇದು. ಒಬ್ಬರ ಪರವಾಗಿ ಇನ್ನೊಬ್ಬರಿಗೆ ಹೇಳುವ ಮಾತು. ಕೇಳುವುದು ಬಿಡುವುದು ಆ ಇನ್ನೊಬ್ಬರಿಗೆ ಬಿಟ್ಟಿದ್ದು.

ರಾಜ್ಯದ ಹಿಂದುಳಿದ ವರ್ಗಗಳನ್ನು ಗುರುತಿಸಲು ಹಾವನೂರ್ ಆಯೋಗವನ್ನು ದೇವರಾಜ ಅರಸು ಸರ್ಕಾರ ರಚಿಸಿದ್ದು 1972ರಲ್ಲಿ. ವರದಿ ಬಂದಿದ್ದು 1975ರಲ್ಲಿ. ಮೀಸಲಾತಿಯ ಆದೇಶ ಹೊರಬಿದ್ದಿದ್ದು 1977ರಲ್ಲಿ, ಅದೂ ಶಿಫಾರಸಿನಲ್ಲಿ ತಿದ್ದುಪಡಿ ಮಾಡಿ. ಆ ತಿದ್ದುಪಡಿ ಸರ್ಕಾರದ್ದು. ಇದೇ ಕೆಲಸಕ್ಕೆ ಕೇಂದ್ರ ನೇಮಿಸಿದ ಮಂಡಲ್ ಆಯೋಗ 1980ರ ಕೊನೆಯಲ್ಲಿ ವರದಿ ಒಪ್ಪಿಸಿತು. ಶೇ 27ರ ಮೀಸಲಾತಿಯ ಆದೇಶ ಬಂದಿದ್ದು 1990ರ ಆಗಸ್ಟ್‌ನಲ್ಲಿ. ನಡುವಿನ ಸುಮಾರು 10 ವರ್ಷ ವರದಿ ಅಲ್ಲೇ ಇತ್ತು, ಒಂದಕ್ಷರ ಬದಲಾಗದೆ. ಅದಕ್ಕೂ ಹಿಂದೆ ಕೇಂದ್ರವೇ ನೇಮಿಸಿದ್ದ ಕಾಲೇಲ್ಕರ್ ಆಯೋಗದ ಕತೆ ಇನ್ನೂ ಬೇರೆ. 1955ರಲ್ಲಿ ವರದಿ ಒಪ್ಪಿಸುವಾಗ ಅಧ್ಯಕ್ಷರೇ ಅದರ ತಿರುಳನ್ನು ಒಪ್ಪದೆ ರಾಷ್ಟ್ರಪತಿಗೆ ಪತ್ರ ಬರೆದರು. ಸರ್ಕಾರ ವರದಿಯನ್ನು ಒಪ್ಪಲಿಲ್ಲ.

ರಾಜ್ಯದ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗದ ಬಗ್ಗೆ ಮಾತಾಡುವಾಗಲಂತೂ ನಮ್ಮವರು ಸ್ವಲ್ಪ ಎಚ್ಚರ ವಹಿಸಬೇಕು. 1967ರ ಆ ವರದಿ ಬೆಳಗಾವಿ ನಮ್ಮಲ್ಲೇ ಇರಬೇಕು ಅಂದಿತು. ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರ ಭಾಗ ನಮಗೆ ಬರಬೇಕು ಅಂತಲೂ ಹೇಳಿತು. ಬೆಳಗಾವಿ ಇಲ್ಲಿದೆ, ಕಾಸರಗೋಡು ಇವತ್ತಿಗೂ ಕೇರಳದಲ್ಲಿದೆ. ಗಡಿ ಬದಲಾಯಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿಗೆ ಮಾತ್ರ ಇದೆ. "ಮಹಾಜನ್ ವರದಿಯೇ ಅಂತಿಮ" ಅನ್ನುವುದು ಕರ್ನಾಟಕದ ನಿಲುವು. ನಾನೂ ಆ ನಿಲುವಿನವನೇ. ಆದರೆ ಅದನ್ನು "ಮಹಾಜನ್ ತೀರ್ಪು" ಅಂತ ಬರೆದಾಗ, ಕಾಸರಗೋಡಿಗಾಗಿ ಸಂಸತ್ತನ್ನು ಕೇಳಬೇಕು ಅನ್ನುವುದೇ ಮರೆತು ಹೋಗುತ್ತದೆ.

ನನ್ನ ಸಿಟ್ಟಿನ ಕಾರಣ ಇದೇ. ಆಯೋಗ ಆದೇಶ ಮಾಡಿದೆ ಅಂದ ಕೂಡಲೇ ನಿರ್ಧರಿಸಬೇಕಾದವರು ಮರೆಗೆ ಸರಿಯುತ್ತಾರೆ. ವೇತನ ಆಯೋಗ ಸಂಬಳ ಜಾಸ್ತಿ ಮಾಡಿತು ಅಂತೇವೆ. ರಾಜ್ಯದ 7ನೇ ವೇತನ ಆಯೋಗ ವರದಿ ಕೊಟ್ಟಿದ್ದು 2024ರ ಮಾರ್ಚ್‌ನಲ್ಲಿ. ಸಂಬಳ ಹೆಚ್ಚಿದ್ದು ಆಗಸ್ಟ್‌ನಿಂದ. ನಡುವೆ ನೌಕರರು ಕಾದಿದ್ದು ಸರ್ಕಾರದ ಆದೇಶಕ್ಕೆ, ಆಯೋಗಕ್ಕಲ್ಲ.

ತೀರ್ಪು ಅನ್ನುವ ಪದ ಎಲ್ಲಿಂದ ನುಸುಳಿತು ಅಂತಲೂ ಊಹಿಸಬಹುದು. ವಿಚಾರಣಾ ಆಯೋಗಗಳಿಗೆ ಹೆಚ್ಚಾಗಿ ನಿವೃತ್ತ ನ್ಯಾಯಮೂರ್ತಿಗಳೇ ಅಧ್ಯಕ್ಷರು. 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಪ್ರಕಾರ ಸಮನ್ಸ್ ಕೊಡಬಹುದು, ಪ್ರಮಾಣ ಮಾಡಿಸಿ ಸಾಕ್ಷಿ ಕೇಳಬಹುದು, ಕಡತ ತರಿಸಬಹುದು. ಯಾರ ಹೆಸರಿಗೆ ಧಕ್ಕೆ ಬರುವ ಹಾಗಿದೆಯೋ ಅವರ ಮಾತನ್ನೂ ಕೇಳಲೇಬೇಕು. ನೋಡಿದವರಿಗೆ ಕೋರ್ಟೇ ಅನ್ನಿಸುತ್ತದೆ. ಆದರೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ. ಇಂಥ ಒಂದು ಆಯೋಗವನ್ನು ಪ್ರಶ್ನಿಸಿದ್ದ ದಾಲ್ಮಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಇದನ್ನು ಬಿಡಿಸಿ ಹೇಳಿದೆ. ವರದಿ ಬಂದ ಮೇಲೆ ಆರು ತಿಂಗಳೊಳಗೆ ಅದನ್ನು, ಕೈಗೊಂಡ ಕ್ರಮದ ವಿವರದ ಜತೆ, ಸದನದ ಮುಂದೆ ಇಡಬೇಕು. ಸರ್ಕಾರ ಒಪ್ಪಬೇಕು ಅಂತ ಕಾಯ್ದೆ ಹೇಳುವುದಿಲ್ಲ, ಉತ್ತರ ಕೊಡಬೇಕು ಅನ್ನುತ್ತದೆ.

ಆದೇಶ ಮಾಡುವ ಆಯೋಗಗಳೂ ಇವೆ. ಚುನಾವಣಾ ಆಯೋಗ ಗೊತ್ತೇ ಇದೆ. ಮಾಹಿತಿ ಆಯೋಗ, ಕೇಳಿದ ಮಾಹಿತಿ ಕೊಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಲ್ಲಾ ಗ್ರಾಹಕರ ವೇದಿಕೆಯೂ ಆಯೋಗ ಆಗಿದೆ. ಹೆಸರು ಒಂದೇ, ಕೈಯಲ್ಲಿರುವ ಅಧಿಕಾರ ಬೇರೆ ಬೇರೆ. ಬರೆಯುವ ಮುಂಚೆ ಯಾವ ಆಯೋಗ ಅಂತ ಒಮ್ಮೆ ನೋಡಿಕೊಂಡರೆ ಸಾಕು.

ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಆದೇಶ ಮಾಡುವ ಗುಂಪಿನದು. ವಿದ್ಯುತ್ ದರ ಬದಲಿಸುವ ಮುಂಚೆ ಜನರ ಆಕ್ಷೇಪಣೆ ಕೇಳಬೇಕು ಅಂತ 2003ರ ವಿದ್ಯುತ್ ಕಾಯ್ದೆಯಲ್ಲೇ ಇದೆ. ಅಂಥ ಒಂದು ಬಹಿರಂಗ ವಿಚಾರಣೆಯಲ್ಲಿ ನಾನು ಕೂತಿದ್ದೆ. ಮೊದಲು ವಿದ್ಯುತ್ ಕಂಪನಿಯವರು ಪರದೆ ಮೇಲೆ ಲೆಕ್ಕ ತೋರಿಸಿದರು. ಆಮೇಲೆ ಆಕ್ಷೇಪಣೆ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದರು. ಹಿಟ್ಟಿನ ಗಿರಣಿಯ ಮಾಲೀಕರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಬಿಲ್ಲುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. "ಎರಡು ತಿಂಗಳು ಗಿರಣಿ ಮುಚ್ಚಿತ್ತು ಸ್ವಾಮಿ. ಮೀಟರ್ ಓಡಿಲ್ಲ. ನಿಗದಿತ ಶುಲ್ಕ ಮಾತ್ರ ಓಡಿದೆ. ಯಾಕೆ ಅಂತ ಹೇಳಿ," ಅಂದರು. ಅಧ್ಯಕ್ಷರು ಬಿಲ್ಲುಗಳನ್ನು ಕೈಗೆ ತಗೊಂಡು ಒಂದೊಂದಾಗಿ ನೋಡಿದರು. ಕಂಪನಿಯವರಿಗೆ ಲಿಖಿತ ಉತ್ತರ ಕೊಡಲು ಹೇಳಿದರು.

ಕೆಲವು ತಿಂಗಳ ಮೇಲೆ ದರದ ಆದೇಶ ಬಂತು. ಅದರ ಕೊನೆಯಲ್ಲಿ ಆಕ್ಷೇಪಣೆಗಳ ಪಟ್ಟಿ ಇತ್ತು. ಒಂದು ಕಡೆ ಗಿರಣಿಯವರ ಪ್ರಶ್ನೆ, ಪಕ್ಕದಲ್ಲಿ ಕಂಪನಿಯ ಉತ್ತರ, ಅದರ ಮುಂದೆ ಆಯೋಗದ ಅಭಿಪ್ರಾಯ. ಅವರ ಮಾತನ್ನು ಆಯೋಗ ಒಪ್ಪಿರಲಿಲ್ಲ. ಗಿರಣಿ ಓಡಲಿ ಬಿಡಲಿ, ಅದಕ್ಕಾಗಿ ತಂತಿ ಮತ್ತು ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿ ಇಟ್ಟಿರಬೇಕು, ಅದರ ಖರ್ಚು ಈ ಶುಲ್ಕ ಅಂತ ಕಾರಣ ಬರೆದಿತ್ತು.