ದಾಳದ ಹತ್ತಿರ ಉದ್ದರಿ ವಹಿ ಇಲ್ಲ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಅಕ್ಕನ ಮನೆ. ಅಲ್ಲಿ ಮಹಡಿ ಮೇಲಿನ ಖೋಲಿಯಲ್ಲಿ ರವಿವಾರ ಮಧ್ಯಾಹ್ನ ಐದು ಜನ ಹುಡುಗ ಹುಡುಗಿಯರು ಸೇರಿ ರಕ್ಕಸರನ್ನು ಕೊಲ್ಲುತ್ತಾರೆ. ಧಾರವಾಡದಿಂದ ಚಿಗರಿ ಬಸ್ ಹತ್ತಿ ಹೋಗಿದ್ದ ನಾನು ಗಿರಮಿಟ್ಟಿನ ತಟ್ಟೆ ಕೊಡುವ ನೆಪದಿಂದ ಮೇಲೆ ಹೋದೆ. ಚಾಪೆಯ ಮೇಲೆ ಕೈಯಲ್ಲಿ ಬರೆದ ನಕಾಶೆ, ಮೊಂಡು ಪೆನ್ಸಿಲ್ಲು, ಮಿರ್ಚಿ ಭಜಿಯ ಎಣ್ಣೆ ಕುಡಿದ ಪೇಪರು, ನಡುವೆ ಬಣ್ಣಬಣ್ಣದ ದಾಳಗಳ ರಾಶಿ. ಒಂದು ನೀಲಿ ದಾಳ ಮಾತ್ರ ರಾಶಿಯಲ್ಲಿ ಇರಲಿಲ್ಲ. ಅಕ್ಕನ ಹಳೆಯ ಕುಂಕುಮದ ಭರಣಿಯೊಳಗೆ ಒಂಟಿಯಾಗಿ ಕೂತಿತ್ತು. ಕೈ ಹಾಕಿದೆ.

“ಮಾಮಾ, ಅದನ್ನ ಮುಟ್ಟಬ್ಯಾಡ್ರಿ. ಅದು ಜೈಲಿನ್ಯಾಗ ಐತಿ.”

“ಯಾಕೋ, ಏನ್ ತಪ್ಪ ಮಾಡೇತಿ?”

“ಒಂದರ ಮ್ಯಾಲೆ ಒಂದು ಮೂರು ಸಲ ಒಂದ ಬಿತ್ರಿ. ನಾ ಬಿಟ್ಟ ಬೆಂಕಿ ಎಲ್ಲಾ ಗ್ವಾಡಿಗೆ ಹೋತು.”

ಹೇಳಿದವನು ಅಕ್ಕನ ಮಗ, ಇಂಜಿನಿಯರಿಂಗ್ ಮೂರನೆಯ ವರ್ಷ. ಗಣಿತದಲ್ಲಿ ನನಗಿಂತ ಚುರುಕು. ಉಳಿದ ನಾಲ್ವರೂ ನಗಲಿಲ್ಲ, ಗಂಭೀರವಾಗಿ ತಲೆ ಆಡಿಸಿದರು. ಕೆಟ್ಟ ಗರ ಹಾಕಿದ ದಾಳಕ್ಕೆ ಜೈಲು ಹಾಕುವುದು ಈ ಆಟದವರಲ್ಲಿ ಎಲ್ಲ ಕಡೆ ಇರುವ ಪದ್ಧತಿಯಂತೆ. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನಿಗೆ ಇದನ್ನು ಕೇಳಿ ಸುಮ್ಮನೆ ಕೆಳಗೆ ಇಳಿದು ಬರುವುದು ಸಾಧ್ಯವೇ?

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಹೊರತಂದದ್ದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ವೇಷ ಹಾಕುತ್ತಾರೆ: ಕತ್ತಿಯವ, ಕಳ್ಳ, ಮಂತ್ರವಾದಿ. ಬಯಲಾಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಒಂದೇ. ಬಯಲಾಟದಲ್ಲಿ ಭೀಮ ಗೆಲ್ಲುವುದು ಮೊದಲೇ ಗೊತ್ತು, ಇಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಿದ ಮೇಲೆಯೇ ಗೊತ್ತು. ಆ ದಾಳವೂ ಹೊಸದೇನಲ್ಲ. ಗ್ರೀಕ್ ಅಕ್ಷರ ಕೊರೆದ ಇಪ್ಪತ್ತು ಮುಖದ ದಾಳಗಳು ಎರಡು ಸಾವಿರ ವರ್ಷದ ಹಿಂದಿನ ಈಜಿಪ್ತಿನಿಂದ ಸಿಕ್ಕಿವೆ.

ಈಗ ಮೂರು ಒಂದುಗಳ ವಿಚಾರ. ಒಂದು ಸಲ ಒಂದು ಬೀಳುವ ಸಂಭವ ಇಪ್ಪತ್ತರಲ್ಲಿ ಒಂದು. ಮೂರು ಸಲ ಬೆನ್ನಿಗೆ ಬೆನ್ನು ಬೀಳುವುದು 20 × 20 × 20, ಅಂದರೆ 8,000ದಲ್ಲಿ ಒಂದು. “ನೋಡ್ರಿ ಮತ್ತ!” ಎಂದ ಅಳಿಯ. ನೋಡಿದೆ. ಮೊದಲು 7, ಆಮೇಲೆ 12, ಆಮೇಲೆ 4 ಬೀಳುವ ಸಂಭವವೂ ಸರಿಯಾಗಿ 8,000ದಲ್ಲಿ ಒಂದೇ. ಆ ಮಧ್ಯಾಹ್ನ ಅಂಥ ಅಪರೂಪದ ಸಾಲುಗಳು ಹತ್ತಾರು ಬಿದ್ದು ಹೋಗಿದ್ದವು. ಯಾವುದಕ್ಕೂ ಯಾರೂ ಜೈಲು ಹಾಕಿರಲಿಲ್ಲ.

ಇದಕ್ಕಿಂತ ಆಳಕ್ಕೆ ಇಳಿದ ತಪ್ಪು ಇನ್ನೊಂದು. ಕೆಂಪು ದಾಳ ಹಿಡಿದಿದ್ದ ಹುಡುಗಿ ಹೇಳಿದಳು, “ಅಂಕಲ್, ಆಗಿಂದ ನನಗ ಒಂದೂ ಇಪ್ಪತ್ತು ಬಿದ್ದಿಲ್ಲ. ಈಗ ಬೀಳಾಕs ಬೇಕು.” ಈ ‘ಬೀಳಲೇಬೇಕು’ ಎಂಬುದರ ಹಿಂದೆ ಒಂದು ಕಿರಾಣಿ ಅಂಗಡಿ ಇದೆ. ದಾಳ ಎಂಬ ಶೆಟ್ಟರು ಗಲ್ಲೆಯ ಮೇಲೆ ಕೂತಿದ್ದಾರೆ, ಅವರ ಹತ್ತಿರ ಕೆಂಪು ಬಟ್ಟೆಯ ಉದ್ದರಿ ವಹಿ ಇದೆ, ಅದರಲ್ಲಿ ನಮ್ಮ ಹೆಸರಿನ ಮುಂದೆ ಬರಬೇಕಾದ ಇಪ್ಪತ್ತುಗಳ ಬಾಕಿ ಬರೆದಿಟ್ಟಿದ್ದಾರೆ, ಇವತ್ತಲ್ಲ ನಾಳೆ ಚುಕ್ತಾ ಮಾಡುತ್ತಾರೆ ಎಂಬ ನಂಬಿಕೆ. ಆದರೆ ಬರೆದಿಡಲು ಜಾಗ ಬೇಡವೇ? ಎರಡು ಸೆಂಟಿಮೀಟರಿನ ಪ್ಲಾಸ್ಟಿಕ್ ಗಟ್ಟಿ. ಅದರೊಳಗೆ ವಹಿ ಇಲ್ಲ, ಪಾಟಿ ಇಲ್ಲ, ನೆನಪು ಕೂರಲು ಒಂದು ಸಂದೂ ಇಲ್ಲ. ಹೋದ ಗರ ಏನಾಗಿತ್ತು ಎಂಬುದು ನಮ್ಮ ತಲೆಯಲ್ಲಿದೆ, ದಾಳದಲ್ಲಿಲ್ಲ.

“ಹಂಗಾರ ಸರಾಸರಿ ಹೆಂಗ ಸರಿ ಹೋಗತೈತ್ರಿ?” ಎಂದು ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕಾಲೇಜಿನಲ್ಲಿ ಎಷ್ಟೋ ಮಕ್ಕಳು ಅದನ್ನು ಕೇಳದೆಯೇ ಪಾಸಾಗಿ ಹೋದರು. ಇಪ್ಪತ್ತು ಸಲ ಎಸೆದೆವು, ಒಂದೂ ಇಪ್ಪತ್ತು ಬೀಳಲಿಲ್ಲ ಅನ್ನೋಣ. ಲೆಕ್ಕದ ಪ್ರಕಾರ ಒಂದು ಬರಬೇಕಿತ್ತು, ಒಂದು ಕೊರತೆ. ಇನ್ನೂ 2,000 ಸಲ ಎಸೆಯಿರಿ. ಅದರಲ್ಲಿ ಹೆಚ್ಚುಕಡಿಮೆ 100 ಇಪ್ಪತ್ತು ನಿರೀಕ್ಷಿಸಬಹುದು, 101 ಅಲ್ಲ. ಒಟ್ಟು 2,020ರಲ್ಲಿ 100, ಅಂದರೆ ಶೇಕಡಾ 4.95. ಐದಕ್ಕೆ ಬಂದು ಹತ್ತಿತು. ಕೊರತೆಯನ್ನು ಯಾರೂ ತುಂಬಿಕೊಡಲಿಲ್ಲ, ಆ ಒಂದು ಹಾಗೇ ಉಳಿಯಿತು. ಕೊಡದ ಒಳಗೆ ಒಂದು ಹಿಡಿ ಉಪ್ಪು ಬಿದ್ದರೆ ನೀರು ಬಾಯಿಗೆ ಇಡಲಾಗುವುದಿಲ್ಲ. ಅದೇ ಹಿಡಿ ಉಪ್ಪು ಉಣಕಲ್ ಕೆರೆಗೆ ಬಿದ್ದರೆ? ಉಪ್ಪನ್ನು ಯಾರೂ ತೆಗೆದಿಲ್ಲ, ನೀರು ಹೆಚ್ಚಾಗಿದೆ. ಸರಾಸರಿ ಸರಿಹೋಗುವುದು ಸಾಲ ತೀರಿ ಅಲ್ಲ, ಸಾಲ ಮುಳುಗಿ.

ಇಪ್ಪತ್ತು ಸಲ ಎಸೆದರೂ ಒಂದೂ ಇಪ್ಪತ್ತು ಬೀಳದಿರುವ ಸಂಭವವೇ ಶೇಕಡಾ 36. ಕೇಳಿದವರೆಲ್ಲ ಹೌಹಾರುತ್ತಾರೆ. ‘ಇಪ್ಪತ್ತು ಮುಖ, ಇಪ್ಪತ್ತು ಎಸೆತ, ಒಂದು ಗ್ಯಾರಂಟಿ’ ಎಂಬ ಈ ತ್ರೈರಾಶಿಕದ ಚಟ 17ನೆಯ ಶತಮಾನದ ಫ್ರಾನ್ಸಿನ ಜೂಜುಗಾರ ಶೆವಾಲಿಯೆ ದ ಮೆರೆ ಎಂಬವನಿಗೂ ಇತ್ತು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುತ್ತದೆಂಬ ಪಂದ್ಯ ಲಾಭದ್ದು, ಶೇಕಡಾ 51.8. ಹಾಗಿದ್ದರೆ ಎರಡು ದಾಳವನ್ನು 24 ಸಲ ಎಸೆದು ಜೋಡಿ ಆರು ಕಾಯುವುದೂ ಅಷ್ಟೇ ಆಗಬೇಕಲ್ಲ, ನಾಲ್ಕಕ್ಕೆ ಆರು ಹೇಗೋ 24ಕ್ಕೆ 36 ಹಾಗೆಯೇ ಅಲ್ಲವೇ? ಅಲ್ಲ. ಅದು ಶೇಕಡಾ 49.1, ನಿಧಾನವಾಗಿ ಕಿಸೆ ಬರಿದು ಮಾಡುವ ಪಂದ್ಯ. ಅವನು ಮುಂದಿಟ್ಟ ಜೂಜಿನ ಪ್ರಶ್ನೆಗಳಿಂದಲೇ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು, ಸಂಭವನೀಯತೆಯ ಗಣಿತ ಕಣ್ಣು ಬಿಟ್ಟಿತು.

ಅದಕ್ಕೂ ಎಷ್ಟೋ ಮೊದಲು ನಮ್ಮಲ್ಲಿ ಒಂದು ಕಥೆ ಇದೆ, ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮಹಾಭಾರತದ ವನಪರ್ವದ ನಳೋಪಾಖ್ಯಾನ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಋತುಪರ್ಣನ ರಥ ಹೊಡೆಯುತ್ತಿದ್ದಾನೆ. ದಾರಿಯಲ್ಲೊಂದು ತಾರೆ ಮರ. ಋತುಪರ್ಣ ಅದರ ಎರಡು ಕೊಂಬೆ ನೋಡಿಯೇ ಇಷ್ಟು ಎಲೆ, ಇಷ್ಟು ಕಾಯಿ ಎಂದು ಹೇಳಿಬಿಡುತ್ತಾನೆ. ನಳ ನಂಬುವುದಿಲ್ಲ, ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿ ಬರುತ್ತದೆ. ಆ ವಿದ್ಯೆ ಯಾವುದು ಎಂದರೆ ಅಕ್ಷಹೃದಯ, ದಾಳದ ಒಳಗುಟ್ಟು. ಕೊಂಬೆ ನೋಡಿ ಮರ ಹೇಳುವವನಿಗೇ ದಾಳವೂ ಗೊತ್ತು ಎಂದು ಆ ಕವಿಗೆ ಯಾಕೆ ಅನ್ನಿಸಿತೋ! ವೇದಕಾಲದ ದಾಳಗಳೂ ತಾರೆಕಾಯಿಯವೇ. ತ್ರಿಫಲಾ ಚೂರ್ಣದ ಮೂರರಲ್ಲಿ ಒಂದು ಆ ಕಾಯಿ.

ಮಂತ್ರಕ್ಕೆ ಬರೋಣ, ಈ ಮಕ್ಕಳ ಗೊಂದಲದ ಬೇರು ಅಲ್ಲಿದೆ. ಆಟದಲ್ಲಿ ಐದನೆಯ ಹಂತದ ಮಂತ್ರವಾದಿಗೆ ದೊಡ್ಡ ಬೆಂಕಿಯುಂಡೆಯಂಥ ಮೂರನೆಯ ದರ್ಜೆಯ ಮಂತ್ರ ಹಾಕಲು ದಿನಕ್ಕೆ ಸಾಮಾನ್ಯವಾಗಿ ಎರಡೇ ಅವಕಾಶ. ಹಾಕಿದರೆ ಒಂದು ಕಡಿಮೆಯಾಯಿತು, ರಾತ್ರಿ ಮಲಗಿ ಎದ್ದ ಮೇಲೆ ಮತ್ತೆ ಪೂರ್ತಿ ಜಮಾ. ಇಲ್ಲಿ ವಹಿ ನಿಜವಾಗಿ ಇದೆ! ಕರ್ಣನ ಶಕ್ತ್ಯಾಯುಧ ನೆನಪಿಸಿಕೊಳ್ಳಿ. ಅರ್ಜುನನಿಗೆಂದು ಕಟ್ಟಿಟ್ಟಿದ್ದು, ಒಂದೇ ಸಲದ್ದು. ಆ ರಾತ್ರಿ ಘಟೋತ್ಕಚನ ಕಾಟ ತಾಳಲಾರದೆ ಅವನ ಮೇಲೆ ಬಿಟ್ಟ, ಖಾತೆ ಖಾಲಿ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಭಾರತ ವಾಚನ ಕೇಳಿದ ಯಾವ ಅಜ್ಜಿಗೂ ಈ ನಿಯಮ ಪುಸ್ತಕ ನೋಡದೆ ಅರ್ಥವಾಗುತ್ತಿತ್ತು. ಇಸ್ಪೀಟಿಗೂ ಇಂಥ ನೆನಪಿದೆ. ನಾಲ್ಕು ಎಕ್ಕಾದಲ್ಲಿ ಮೂರು ಹೋದರೆ ಉಳಿದ ಕಟ್ಟು ಬದಲಾಗಿದೆ, ಹೋದ ಎಲೆ ಎಣಿಸುವವನು ಜಾಣ. ಅದೇ ಜಾಣತನವನ್ನು ದಾಳಕ್ಕೆ ಹಚ್ಚಿದರೆ ಮೂಢನಂಬಿಕೆ. ಒಂದೇ ಚಾಪೆಯ ಮೇಲೆ ನೆನಪಿರುವ ಮಂತ್ರವೂ ನೆನಪಿಲ್ಲದ ದಾಳವೂ ಅಕ್ಕಪಕ್ಕ ಕೂತಿದ್ದರೆ ಮನುಷ್ಯ ಗಲಿಬಿಲಿಗೊಳ್ಳುವುದು ಸಹಜ. ಸಂಖ್ಯೆ ಕನಸಿನಲ್ಲಿ ಬಂತೆಂದು ಓಸಿ ಬರೆಸಿ ಮನೆ ಮುರಿದುಕೊಂಡವರನ್ನು ಈ ಊರಲ್ಲಿ ಕಂಡ ನನಗೆ ಆ ಗಲಿಬಿಲಿ ಅಷ್ಟು ತಮಾಷೆಯಾಗಿ ಕಾಣುವುದಿಲ್ಲ.

ಆ ಬೆಂಕಿಯುಂಡೆಯ ಗಣಿತ ಮಾತ್ರ ಬಲು ಸೊಗಸು. ಅದಕ್ಕೆ ಇಪ್ಪತ್ತು ಮುಖದ್ದಲ್ಲ, ಆರು ಮುಖದ ಎಂಟು ದಾಳ ಒಟ್ಟಿಗೆ ಎಸೆದು ಕೂಡಿಸಬೇಕು. ಕಡಿಮೆಯೆಂದರೆ 8, ಹೆಚ್ಚೆಂದರೆ 48. ಹುಡುಗಿ ಎಸೆದಳು: 27. ಮುಂದಿನದು 31. ನಾನು ಮೊದಲೇ ಚೀಟಿಯಲ್ಲಿ ‘23ರಿಂದ 33’ ಎಂದು ಬರೆದು ಮಡಚಿ ಇಟ್ಟಿದ್ದೆ. ಬಿಚ್ಚಿ ತೋರಿಸಿದಾಗ ಐವರೂ ನನ್ನನ್ನೇ ಮಂತ್ರವಾದಿಯಂತೆ ನೋಡಿದರು. ನಾಲ್ಕರಲ್ಲಿ ಮೂರು ಸಲ ಈ ಚೀಟಿ ನಿಜವಾಗುತ್ತದೆ.

ಗುಟ್ಟು ತಿಳಿಯಲು ಚೌಕಾಬಾರದ ಮಣೆ ಸಾಕು. ಪಂಚಮಿ ಹಬ್ಬದ ಮಳೆಯಲ್ಲಿ ಹುಣಸೆ ಬೀಜವನ್ನು ಕಟ್ಟೆಯ ಕಲ್ಲಿಗೆ ಉಗುಳು ಹಚ್ಚಿ ತಿಕ್ಕುತ್ತಿದ್ದೆವು. ಬೆರಳ ತುದಿ ಬಿಸಿಯಾಗಿ ಚುರುಗುಟ್ಟುವ ಹೊತ್ತಿಗೆ ಒಂದು ಮೈ ಬೆಳ್ಳಗಾಗುತ್ತಿತ್ತು. ಅಂಥ ನಾಲ್ಕು ಬೀಜ. ಒಂದೊಂದಕ್ಕೆ ಎರಡು ಮೈ, ಒಟ್ಟು 16 ಬಗೆಯಲ್ಲಿ ಬೀಳಬಹುದು. ನಾಲ್ಕೂ ಬಿಳಿ ಮೇಲಾಗಿ ಚೌಕ ಬೀಳಲು ಒಂದೇ ದಾರಿ, ನಾಲ್ಕೂ ಕಪ್ಪಾಗಿ ಎಂಟು ಬೀಳಲೂ ಒಂದೇ. ಎರಡು ಬೀಳಲು ಮಾತ್ರ ಆರು ದಾರಿ, ಯಾವ ಎರಡು ಬೀಜವಾದರೂ ನಡೆದೀತು. ಅದಕ್ಕೇ ಕಾಯಿ ಹಣ್ಣಾಗುವ ಹೊತ್ತಿಗೆ ಹಾಳು ಎರಡೇ ಬೀಳುತ್ತಿತ್ತು. (ತಿಕ್ಕಿದ ಬೀಜ ಎರಡೂ ಮೈಗೆ ಸಮ ಬೀಳುತ್ತದೆಂದು ಹಿಡಿದ ಲೆಕ್ಕ ಇದು. ಎಷ್ಟು ತಿಕ್ಕಿದರೆ ಬಿಳಿ ಹೆಚ್ಚು ಬೀಳುತ್ತದೆಂಬುದು ನಮ್ಮ ಓಣಿಯಲ್ಲಿ ಒಬ್ಬನಿಗೆ ಗೊತ್ತಿತ್ತು, ಅವನು ಹೇಳಲಿಲ್ಲ.)

ಎಂಟು ದಾಳಕ್ಕೆ ಇದನ್ನೇ ಹಿಗ್ಗಿಸಿ. ಒಟ್ಟು 16,79,616 ಬಗೆ. ಎಂಟೂ ಒಂದಾಗಿ 8 ಬೀಳಲು ಅದರಲ್ಲಿ ಒಂದೇ ದಾರಿ. 28 ಬೀಳಲು 1,35,954 ದಾರಿ. ಹಳ್ಳಿಯ ಕಾಲುದಾರಿಗೂ ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿಗೂ ಇರುವ ಫರಕು. ಎಷ್ಟೊಂದು ರಸ್ತೆ ಬಂದು ಕೂಡುವಲ್ಲಿ ಜನ ಸೇರದೆ ಏನು ಮಾಡುತ್ತಾರೆ? ಇನ್ನೊಂದು ರೀತಿ ನೋಡಿ. ಒಂದೇ ಎತ್ತು ಹೂಡಿದರೆ ಅದು ಎಳೆದತ್ತ ಗಾಡಿ. ಎಂಟು ಎತ್ತು ಕಟ್ಟಿದರೆ ಒಂದು ಎಡಕ್ಕೆ ಎಳೆದಾಗ ಇನ್ನೊಂದು ಬಲಕ್ಕೆ, ಒಬ್ಬರ ತಂಟೆಯನ್ನು ಇನ್ನೊಬ್ಬರು ಹೊಡೆದುಹಾಕಿ ಗಾಡಿ ನಡುದಾರಿ ಹಿಡಿಯುತ್ತದೆ. ಜೋಳದ ಒಂದು ಕಾಳು ಜೊಳ್ಳಿರಬಹುದು, ಒಂದು ಚೀಲದ ತೂಕ ಮಾತ್ರ ಎಪಿಎಂಸಿಯ ಹಮಾಲ ಎತ್ತಿಯೇ ಹೇಳುತ್ತಾನೆ. ಇಪ್ಪತ್ತು ಮುಖದ ಒಂಟಿ ದಾಳದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ 1ಕ್ಕೂ 10ಕ್ಕೂ 20ಕ್ಕೂ ಒಂದೊಂದೇ ದಾರಿ, ಎಲ್ಲವೂ ಸಪಾಟು. ಬೆಂಕಿ ತಾಗಿತೋ ಇಲ್ಲವೋ ಎಂಬ ಎದೆ ಡವಡವದ ಕ್ಷಣಕ್ಕೆ ಸಪಾಟು ದಾಳ, ಖರ್ಚು ಮಾಡಿದ ಮಂತ್ರದ ಪೆಟ್ಟಿಗೆ ನಂಬಿಕೆಯ ಎಂಟು ದಾಳ. ಈ ಎರಡನ್ನೂ ಜೋಡಿಸಿದವರ ಕೈಚಳಕಕ್ಕೆ ನಾನಂತೂ ತಲೆದೂಗಿದೆ.

ಇಷ್ಟೆಲ್ಲ ಆದ ಮೇಲೆ ಅಳಿಯ ತನ್ನ ಕೊನೆಯ ಬಾಣ ಬಿಟ್ಟ. ನೆನಪಿಲ್ಲ ಸರಿ, ನೀಲಿ ದಾಳ ವಾರೆ ಇದ್ದರೆ? ಇದು ವಿಜ್ಞಾನದ ಪ್ರಶ್ನೆ. ಕೆಳಗಿಳಿದು ಒಂದು ಗಾಜಿನ ಲೋಟದಲ್ಲಿ ನೀರು ತಂದೆವು. ಉಪ್ಪು ಹಾಕಿ ಕಲಕುತ್ತ ಹೋದೆವು, ಇನ್ನು ಕರಗಲಾರೆ ಎಂದು ತಳದಲ್ಲಿ ಬಿಳಿ ಪದರ ನಿಲ್ಲುವವರೆಗೆ. ನೂರು ಮಿಲಿಲೀಟರ್ ನೀರಿಗೆ ಸುಮಾರು 36 ಗ್ರಾಂ ಹಿಡಿಯುತ್ತದೆ. ಅಂಥ ನೀರು ಸಿಹಿನೀರಿಗಿಂತ 1.2 ಪಟ್ಟು ಭಾರ, ಅಕ್ರಿಲಿಕ್ ಪ್ಲಾಸ್ಟಿಕ್ಕು 1.18 ಪಟ್ಟು. ನೀಲಿ ದಾಳ ಮುಳುಗಿ, ಯೋಚಿಸಿ, ಮೆಲ್ಲಗೆ ಮೇಲೆ ಬಂದು ಒಂದು ಮುಖವನ್ನಷ್ಟೇ ಹೊರಗೆ ಚಾಚಿತು. ಒಳಗೆ ಗಾಳಿಗುಳ್ಳೆ ಇದ್ದರೆ ಎಷ್ಟು ಸಲ ಚಿವುಟಿ ತಿರುಗಿಸಿದರೂ ಆ ಹಗುರ ಮುಖವೇ ಮೇಲೆ ಬರಬೇಕು. 3 ಬಂತು, 17 ಬಂತು, 8 ಬಂತು, ಮತ್ತೆ 14.

ನೀರಿನ ಮಾತು ಪೂರ್ತಿ ಸಾಕ್ಷಿಯಲ್ಲ ಎಂದು ಒರೆಸಿ 200 ಸಲ ಎಸೆದೆವು. ಹುಡುಗಿ ನಾಲ್ಕು ಗೆರೆಗೆ ಅಡ್ಡ ಒಂದು ಗೀಟು ಹಾಕಿ ಎಣಿಸಿದಳು. ಒಂದು 11 ಸಲ, ಇಪ್ಪತ್ತು 9 ಸಲ. ಎರಡೂ ಹತ್ತರ ಆಸುಪಾಸಿಗೇ. 4ರಿಂದ 16ರೊಳಗೆ ಎಷ್ಟು ಬಿದ್ದಿದ್ದರೂ ನಾನು ಹುಬ್ಬೇರಿಸುತ್ತಿರಲಿಲ್ಲ. ಸಣ್ಣ ವಾರೆ ಹಿಡಿಯಲು ಇದು ಏನೇನೂ ಸಾಲದು ಎಂಬುದೂ ನಿಜ. ಇಂಗ್ಲೆಂಡಿನ ವೆಲ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ 12 ದಾಳಗಳನ್ನು 26,306 ಸಲ ಎಸೆದ ಲೆಕ್ಕವನ್ನು 1894ರಲ್ಲಿ ಸಂಖ್ಯಾಶಾಸ್ತ್ರಜ್ಞ ಗಾಲ್ಟನ್‌ಗೆ ಬರೆದು ಕಳಿಸಿದ. ಐದೋ ಆರೋ ಬೀಳುವುದು ಶೇಕಡಾ 33.33 ಇರಬೇಕಾದಲ್ಲಿ 33.77 ಇತ್ತು. ಚುಕ್ಕೆ ಕೊರೆದು ಕೊರೆದು ಆ ಮುಖಗಳು ಕೂದಲೆಳೆಯಷ್ಟು ಹಗುರವಾಗಿದ್ದವು ಎಂಬುದು ವಾಡಿಕೆಯ ವಿವರಣೆ. ಮೂರು ಲಕ್ಷ ಮೀರಿದ ದಾಳಗಳ ಉರುಳಾಟದಲ್ಲಿ ಕಂಡ ಅರ್ಧ ಪರ್ಸೆಂಟೂ ಇಲ್ಲದ ವಾರೆ ಅದು. ಮೂರು ಎಸೆತಕ್ಕೇ ಜೈಲು ಹಾಕುವ ನ್ಯಾಯಾಧೀಶ ಎಂಥವನು, ನೀವೇ ಹೇಳಿ ಎಂದೆ.

ಅಳಿಯ ಗೀಟುಗಳ ಹಾಳೆಯನ್ನು ಎರಡು ಸಲ ನೋಡಿದ. ಲೆಕ್ಕ ಒಪ್ಪಿದ. ಆಮೇಲೆ ದಾಳವನ್ನು ಅಂಗಿಯ ತುದಿಗೆ ಒರೆಸಿ, ವಾಪಸು ಭರಣಿಯೊಳಗೆ ಹಾಕಿ ಮುಚ್ಚಳ ತಿರುವಿದ.

“ಮಾಮಾ, ಅದಕ್ಕ ಗೊತ್ತೈತ್ರಿ, ಇದು ಆಟ ಅಲ್ಲಂತ.”