ಕಡಲಿಗೆ ಗೋಡೆ ಕಟ್ಟಿದರೆ ಸಾಲದಾ?

ಪ್ರಶ್ನೆ: ಸಮುದ್ರ ಮಟ್ಟ ಏರುತ್ತಿದೆ ಅಂತ ಓದುತ್ತಲೇ ಇರುತ್ತೇವೆ. ಕಡಲತೀರದ ನಗರಗಳು ಎತ್ತರದ, ಗಟ್ಟಿಯಾದ ಗೋಡೆ ಕಟ್ಟಿಕೊಂಡರೆ ಮುಗೀತಲ್ವಾ? ಅದಕ್ಕೆ ಇಷ್ಟೊಂದು ಯೋಜನೆ, ಇಷ್ಟೊಂದು ಚರ್ಚೆ ಯಾಕೆ?

ಉತ್ತರ: ಗೋಡೆ ಎಷ್ಟೋ ಕಡೆ ಬೇಕೇ ಬೇಕು. ಆದರೆ ನೀರು ಎದುರಿನಿಂದಲೇ ಬರಬೇಕು ಅಂತ ಏನೂ ಇಲ್ಲ. ಅದು ಚರಂಡಿಯಿಂದ ಬರುತ್ತದೆ, ನೆಲದಡಿಯಿಂದ ಬರುತ್ತದೆ, ಮಳೆಯಾಗಿ ಮೇಲಿನಿಂದಲೂ ಬರುತ್ತದೆ. ಗೋಡೆ ಕಟ್ಟಿದ ಊರು ಒಂದು ಬಟ್ಟಲಿನ ಹಾಗೆ. ಒಳಗೆ ಬಿದ್ದ ಮಳೆನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ.

ಮೊದಲು ಲೆಕ್ಕ ನೋಡೋಣ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಹೆಚ್ಚುಕಡಿಮೆ ಒಂದು ಗೇಣು. ಇಷ್ಟೇನಾ ಅನ್ನಿಸಬಹುದು. ಆದರೆ ವೇಗ ಹೆಚ್ಚುತ್ತಿದೆ. 1971ರವರೆಗೆ ವರ್ಷಕ್ಕೆ 1.3 ಮಿಲಿಮೀಟರ್ ಏರುತ್ತಿದ್ದದ್ದು 2006ರಿಂದ 2018ರ ಅವಧಿಯಲ್ಲಿ 3.7ಕ್ಕೆ ಬಂದಿತ್ತು. ಬಿಸಿಯಾದ ನೀರು ಹಿಗ್ಗುತ್ತದೆ, ನೆಲದ ಮೇಲಿನ ಮಂಜುಗಡ್ಡೆ ಕರಗಿ ಕಡಲು ಸೇರುತ್ತದೆ. ಕಾರಣ ಮುಖ್ಯವಾಗಿ ಇವೆರಡೇ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಭೂಮಿಯನ್ನು ಬಿಸಿ ಮಾಡುವ ಹೊಗೆಯನ್ನು ಬೇಗ ಕಡಿಮೆ ಮಾಡಿದರೂ 2100ರ ಹೊತ್ತಿಗೆ 28ರಿಂದ 55 ಸೆಂ.ಮೀ. ಏರಿಕೆ ಆಗಬಹುದು. ತುಂಬಾ ಜಾಸ್ತಿ ಬಿಟ್ಟರೆ 63ರಿಂದ 101 ಸೆಂ.ಮೀ. ಹಾಗಾದರೆ ಗೋಡೆ ಎಷ್ಟು ಎತ್ತರ ಇರಬೇಕು? 28ಕ್ಕಾ, 101ಕ್ಕಾ? ಅರ್ಧ ಚರ್ಚೆ ಇದರ ಮೇಲೆಯೇ ನಡೆಯುತ್ತದೆ.

ಈಗ ಚರಂಡಿಗೆ ಬನ್ನಿ. ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಇಲ್ಲೇ, ಆದರೆ ಇದರ ಫೋಟೋ ಯಾರೂ ಹಾಕುವುದಿಲ್ಲ. ಹಳೆಯ ಕಡಲತೀರದ ನಗರಗಳಲ್ಲಿ ಮಳೆನೀರಿನ ಕೊಳವೆಗಳು ಇಳಿಜಾರಿನ ಬಲದಲ್ಲೇ ಸಮುದ್ರಕ್ಕೆ ಹರಿಯುತ್ತವೆ. ಸಮುದ್ರ ಒಂದು ಗೇಣು ಮೇಲೆ ಬಂದರೆ ಏನಾಗುತ್ತದೆ? ದೊಡ್ಡ ಉಬ್ಬರದ ದಿನ ಕೊಳವೆಯ ಬಾಯಿ ಮುಳುಗುತ್ತದೆ, ನೀರು ಹಿಂದಕ್ಕೆ ಹರಿಯುತ್ತದೆ. ಬಿಸಿಲು ಹೊಡೆಯುತ್ತಿರುವಾಗಲೇ ನಡುರಸ್ತೆಯ ಮ್ಯಾನ್‌ಹೋಲ್‌ನಿಂದ ಉಪ್ಪುನೀರು ಉಕ್ಕುತ್ತದೆ. ಅಮೆರಿಕದ ಮಯಾಮಿ ಬೀಚ್‌ನಲ್ಲಿ ಇದು ಗೊತ್ತಿರುವ ಕಾಟ. ಅಲ್ಲಿ ಅಡಿಯಲ್ಲಿರುವುದು ತೂತುತೂತಾದ ಸುಣ್ಣಕಲ್ಲು, ಹಾಗಾಗಿ ಗೋಡೆ ಎಷ್ಟು ಎತ್ತರ ಕಟ್ಟಿದರೂ ನೀರು ಅದರ ಕೆಳಗಿಂದ ನುಸುಳುತ್ತದೆ.

ಉಪಾಯ ಇಲ್ಲ ಅಂತಲ್ಲ. ಕೊಳವೆಯ ಬಾಯಿಗೆ ಒಂದೇ ಕಡೆ ತೆರೆಯುವ ವಾಲ್ವ್ ಹಾಕುತ್ತಾರೆ. ಆಗ ಕಡಲು ಒಳಗೆ ಬರುವುದಿಲ್ಲ. ಆದರೆ ಉಬ್ಬರದ ಹೊತ್ತಿಗೇ ಜೋರು ಮಳೆ ಬಂದರೆ ವಾಲ್ವ್ ತೆರೆಯುವುದಿಲ್ಲ, ಊರಿನ ನೀರು ಊರಲ್ಲೇ ಉಳಿಯುತ್ತದೆ. ಅದಕ್ಕೆ ಪಂಪ್ ಬೇಕು. ಪಂಪಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಜನರೇಟರ್ ಬೇಕು, ಅದು ಮುಳುಗದ ಜಾಗದಲ್ಲೂ ಇರಬೇಕು. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕ್‌ಗೆ ಬಡಿದಾಗ ಬೆಲ್‌ವ್ಯೂ ಆಸ್ಪತ್ರೆಯ ಜನರೇಟರ್‌ಗಳು 13ನೇ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಅವುಗಳಿಗೆ ಇಂಧನ ಏರಿಸುವ ಪಂಪ್ ಮಾತ್ರ ನೆಲಮಾಳಿಗೆಯಲ್ಲಿತ್ತು. ಅದು ಮುಳುಗಿತು. ಜನ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಇಂಧನವನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ಸಾಗಿಸಿದರು. ಕೊನೆಗೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಾಯಿತು.

ಇನ್ನೊಂದು ಸಂಗತಿ ಜನರ ಗಮನಕ್ಕೆ ಬರುವುದೇ ಕಡಿಮೆ. ಕೆಲವು ಊರುಗಳಲ್ಲಿ ಕಡಲು ಏರುವುದಕ್ಕಿಂತ ಜೋರಾಗಿ ನೆಲ ಕುಸಿಯುತ್ತಿದೆ. ಜಕಾರ್ತಾದ ಉತ್ತರ ಭಾಗದಲ್ಲಿ ಅಂತರ್ಜಲವನ್ನು ಎಳೆದೂ ಎಳೆದೂ ನೆಲ ಮೀಟರ್‌ಗಟ್ಟಲೆ ಇಳಿದಿದೆ. ಅಲ್ಲಿ ಗೋಡೆ ಕಟ್ಟಿದರೆ ನೆಲದ ಜೊತೆ ಗೋಡೆಯೂ ಇಳಿಯುತ್ತದೆ. ಟೋಕಿಯೋದ ಪೂರ್ವ ಭಾಗವೂ ಹೀಗೇ ನಾಲ್ಕು ಮೀಟರ್‌ಗಿಂತ ಹೆಚ್ಚು ಕುಸಿದಿತ್ತು. ಅಂತರ್ಜಲ ಎತ್ತುವುದಕ್ಕೆ ಕಟ್ಟುನಿಟ್ಟಾಗಿ ಕಡಿವಾಣ ಹಾಕಿದ ಮೇಲೆ 1970ರ ದಶಕದಲ್ಲಿ ಕುಸಿತ ಹತೋಟಿಗೆ ಬಂತು. ಇಳಿದ ನೆಲ ಮತ್ತೆ ಮೇಲೇಳಲಿಲ್ಲ. ಆ ಪ್ರದೇಶ ಇವತ್ತಿಗೂ ಒಡ್ಡು, ಪಂಪುಗಳ ಆಸರೆಯಲ್ಲೇ ಇದೆ. ಬೋರ್‌ವೆಲ್ ನಿಲ್ಲಿಸಬೇಕಾದರೆ ಬೇರೆ ಕಡೆಯಿಂದ ಕುಡಿಯುವ ನೀರು ಕೊಡಬೇಕು. ಹಾಗಾಗಿ ನಲ್ಲಿ ನೀರಿನ ಯೋಜನೆಯೂ ಕಡಲ ವಿರುದ್ಧದ ತಯಾರಿಯೇ.

ಸರಿ, ನದಿಯ ಅಥವಾ ಹಿನ್ನೀರಿನ ಬಾಯಿಗೇ ಗೇಟು ಹಾಕಿಬಿಟ್ಟರೆ? ಹಾಕಿದ್ದಾರೆ. ಲಂಡನ್‌ನ ಥೇಮ್ಸ್ ತಡೆಗೇಟು 1980ರ ದಶಕದಿಂದ ಕೆಲಸ ಮಾಡುತ್ತಿದೆ. ರಾಟರ್‌ಡ್ಯಾಮ್‌ನಲ್ಲಿ 1997ರಲ್ಲಿ ಮುಗಿದ ಗೇಟಿನ ಒಂದೊಂದು ರೆಕ್ಕೆಯೂ 210 ಮೀಟರ್ ಉದ್ದ. ವೆನಿಸ್‌ನಲ್ಲಿ 78 ಗೇಟುಗಳು ಸಮುದ್ರದ ತಳದಲ್ಲಿ ಮಲಗಿರುತ್ತವೆ. ಒಳಗೆ ಗಾಳಿ ತುಂಬಿದರೆ ನೀರು ಹೊರಹೋಗಿ ಎದ್ದು ನಿಲ್ಲುತ್ತವೆ. 2020ರ ಅಕ್ಟೋಬರ್‌ನಲ್ಲಿ ಮೊದಲ ಸಲ ಅವು ಊರನ್ನು ಉಬ್ಬರದಿಂದ ಕಾಪಾಡಿದವು. ಅದೇ ಡಿಸೆಂಬರ್ 8ರಂದು ಉಬ್ಬರ ಅಷ್ಟೇನೂ ಬರುವುದಿಲ್ಲ ಅಂತ ಮುನ್ಸೂಚನೆ ಇತ್ತು, ಗೇಟು ಎತ್ತಲಿಲ್ಲ, ಊರಿಗೆ ನೀರು ನುಗ್ಗಿತು. ಕಬ್ಬಿಣಕ್ಕೆ ಸುರಿದ ಹಣ ದೊಡ್ಡದೇ, ಆದರೆ ಅದು ಕೆಲಸಕ್ಕೆ ಬರುವುದು ಹವಾಮಾನ ಕಚೇರಿಯ ಅಂದಾಜು ಸರಿಯಾಗಿದ್ದರೆ ಮಾತ್ರ. ಇನ್ನೊಂದು ತೊಡಕೂ ಇದೆ. ಸಮುದ್ರ ಏರಿದಷ್ಟೂ ಗೇಟು ಮುಚ್ಚುವ ದಿನಗಳು ಹೆಚ್ಚುತ್ತವೆ. ಹಡಗುಗಳು ಕಾಯಬೇಕು, ಒಳಗಿನ ನೀರು ನಿಂತಲ್ಲೇ ಕೆಡುತ್ತದೆ.

ಊರನ್ನೇ ಎತ್ತರಿಸಿದವರೂ ಇದ್ದಾರೆ. ಅಮೆರಿಕದ ಗ್ಯಾಲ್ವೆಸ್ಟನ್ 1900ರ ಚಂಡಮಾರುತದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡಿತು. ಆಮೇಲೆ ಅವರು ಕಡಲಿಗೆ ಗೋಡೆ ಕಟ್ಟಿ ಸುಮ್ಮನಾಗಲಿಲ್ಲ. ಸುಮಾರು 2,000 ಕಟ್ಟಡಗಳನ್ನು ಜಾಕ್ ಕೊಟ್ಟು ಮೇಲೆತ್ತಿ, ಅಡಿಯಲ್ಲಿ ಮರಳು ಬೆರೆತ ನೀರನ್ನು ಪಂಪ್ ಮಾಡಿ ನೆಲ ತುಂಬಿಸಿದರು. ವರ್ಷಗಟ್ಟಲೆ ಜನ ಮರದ ಅಟ್ಟಣೆಗಳ ಮೇಲೆ ಓಡಾಡಿದರು. ಇವತ್ತಿನ ದೊಡ್ಡ ನಗರದಲ್ಲಿ ಇದು ಆಗದ ಮಾತು. ಹೊಸದಾಗಿ ಕಟ್ಟುವ ಕಡೆ ಮಾತ್ರ ಸಲೀಸು. ಸಿಂಗಾಪುರ 2011ರಲ್ಲಿ ಕಡಲು ತುಂಬಿಸಿ ಮಾಡುವ ಹೊಸ ನೆಲದ ಕನಿಷ್ಠ ಎತ್ತರವನ್ನು ಸಮುದ್ರ ಮಟ್ಟಕ್ಕಿಂತ 3 ಮೀಟರ್ ಇದ್ದದ್ದನ್ನು 4 ಮೀಟರ್‌ಗೆ ಏರಿಸಿತು. ಒಂದು ನಿಯಮ ಬದಲಾಯಿಸಿದ್ದಷ್ಟೇ. ನನಗೆ ಅತಿ ಜಾಣ ಖರ್ಚು ಅನ್ನಿಸುವುದು ಇಂಥದ್ದೇ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮರಳು ದಿಬ್ಬಗಳು ಅಲೆಯ ಹೊಡೆತ ತಗ್ಗಿಸುತ್ತವೆ, ನಿಜ. ಆದರೆ ಅವಕ್ಕೆ ಹಿಂದೆ ಸರಿಯಲು ಜಾಗ ಬೇಕು. ಬೆನ್ನಿಗೇ ರಸ್ತೆ ಇದ್ದರೆ ಕಷ್ಟ.

ಎಲ್ಲಕ್ಕಿಂತ ಇಕ್ಕಟ್ಟಿನ ಮಾತು ಜಾಗ ಬಿಟ್ಟುಕೊಡುವುದು. ಸ್ಯಾಂಡಿ ಬಂದುಹೋದ ಮೇಲೆ ನ್ಯೂಯಾರ್ಕ್‌ನ ಸ್ಟೇಟನ್ ಐಲ್ಯಾಂಡ್‌ನಲ್ಲಿರುವ ಓಕ್‌ವುಡ್ ಬೀಚ್ ಜನ ತಾವಾಗಿಯೇ ಕೇಳಿಕೊಂಡರು, ಸರ್ಕಾರ ಚಂಡಮಾರುತಕ್ಕೆ ಮುಂಚಿನ ಬೆಲೆ ಕೊಟ್ಟು ಮನೆಗಳನ್ನು ಕೊಂಡು ಕೆಡವಿತು. ಅಲ್ಲಿ ಮತ್ತೆ ಮನೆ ಕಟ್ಟುವ ಹಾಗಿಲ್ಲ. ಹಕ್ಕುಪತ್ರ ಇದ್ದವರಿಗೆ ಇದು ನಡೆಯುತ್ತದೆ. ಬಾಡಿಗೆಗೆ ಇರುವವರಿಗೆ, ದಡದಲ್ಲೇ ದೋಣಿ ಇಟ್ಟು ಬದುಕುವವರಿಗೆ ಏನು ಕೊಡುತ್ತಾರೆ? ಹೆಚ್ಚಿನ ಯೋಜನೆಗಳು ತಡವರಿಸುವುದು ಈ ಪ್ರಶ್ನೆಗೇ.

ಹಾಗಾಗಿ ಯಾವುದಾದರೂ ನಗರದ ಯೋಜನೆ ಕೈಗೆ ಸಿಕ್ಕರೆ ಗೋಡೆಯ ಚಿತ್ರ ಪಕ್ಕಕ್ಕಿಟ್ಟು ಬೇರೆ ಪುಟ ಹುಡುಕಿ. ಪಂಪ್ ಮನೆಯ ಸ್ವಿಚ್‌ಬೋರ್ಡ್ ಎಷ್ಟು ಎತ್ತರದಲ್ಲಿದೆ? ನೆಲ ಕುಸಿಯುತ್ತಿದೆಯಾ ಅಂತ ಅಳೆಯುತ್ತಿದ್ದಾರಾ? ಸಮುದ್ರ ಎಷ್ಟು ಏರಿದಾಗ ಯಾವ ಕೆಲಸ ಶುರು ಮಾಡಬೇಕು ಅಂತ ಮೊದಲೇ ಬರೆದಿಟ್ಟಿದ್ದಾರಾ? ಲಂಡನ್‌ನವರು ಥೇಮ್ಸ್‌ಗಾಗಿ 2012ರಲ್ಲಿ ಮಾಡಿದ ಯೋಜನೆ ಇದೇ ರೀತಿಯದು. ಎಲ್ಲವನ್ನೂ ಇವತ್ತೇ ಕಟ್ಟುವುದಿಲ್ಲ, ಅಳೆಯುತ್ತಾ ಹೋಗುತ್ತಾರೆ. ಏರಿಕೆ ಜೋರಾದರೆ ಮುಂದಿನ ಹೆಜ್ಜೆಯನ್ನು ಬೇಗ ಇಡುತ್ತಾರೆ. ಮುಂದೆ ಒಡ್ಡು ಎತ್ತರಿಸಬೇಕಾಗುವ ಕಡೆ ಈಗಿನಿಂದಲೇ ಜಾಗ ಕಾದಿಡುತ್ತಾರೆ.